ಚೀಕಲಪರ್ವಿಯಲ್ಲಿ ಗಂಡನನ್ನು ‘ಅಣ್ಣಾ’ ಎಂದೆ

ಕೊರೊನಾ ಮುಗಿದ ಮೇಲಿನ ಎರಡನೆಯ ಬೇಸಿಗೆ. ನಾನು ಆಗಲೂ ಈಗಿನಂತೆ ರಾಯಚೂರಿನಲ್ಲಿದ್ದುಕೊಂಡು ಹಳ್ಳಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡುವ ವೃತ್ತಿ ಕಲಾವಿದೆ. ನಮ್ಮ ಕಡೆ ಊರ ಗಂಡಸರು ತಿಂಗಳುಗಟ್ಟಲೆ ತಾಲೀಮು ನಡೆಸಿ ನಾಟಕ ಕಲಿಯುತ್ತಾರೆ. ಮನೆಯ ಹೆಣ್ಣುಮಕ್ಕಳು ಸ್ಟೇಜ್ ಹತ್ತುವ ರೂಢಿಯಿಲ್ಲ, ಅದಕ್ಕೇ ನಮ್ಮಂಥವರನ್ನು ಕರೆಸುತ್ತಾರೆ. ನಾವೋ ಪ್ರದರ್ಶನದ ಸಂಜೆ ಬಂದಿಳಿದು, ಬಣ್ಣ ಹಚ್ಚಿಕೊಳ್ಳುತ್ತಲೇ ಮಾತು ಓದಿಕೊಳ್ಳುವವರು. ಮೊಬೈಲ್ ಕಾಲದಲ್ಲಿ ನಾಟಕ ಯಾರು ನೋಡುತ್ತಾರೆ ಎನ್ನುವವರು ಸುಗ್ಗಿ ಮುಗಿದ ಮೇಲೆ ನಮ್ಮ ಜೊತೆ ಒಂದು ವಾರ ತಿರುಗಬೇಕು. ನಿದ್ದೆಗೂ ಪುರಸೊತ್ತಿರುವುದಿಲ್ಲ.

ದೇವದುರ್ಗದಲ್ಲಿ ತಂಗಿಯ ಪಾತ್ರ ಮಾಡಿದ ಮರುದಿನವೇ ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ಹೆಂಡತಿಯ ಪಾತ್ರ. ಗಂಡನಾಗಿ ಭತ್ತ ಕೊಯ್ಯುವ ಮಷಿನ್ ಓಡಿಸುವ ಶರಣಪ್ಪ. ಅವನಿಗದು ಮೊದಲ ನಾಟಕ. ಸಂಶಯಪಟ್ಟು ಮನೆ ಬಿಟ್ಟು ಹೊರಟ ಗಂಡನನ್ನು ಹೆಂಡತಿ ತಡೆಯುವ ದೃಶ್ಯ. ನಾನು ಓಡಿ ಹೋಗಿ ಅವನ ಕಾಲು ಹಿಡಿದು, ಹಿಂದಿನ ದಿನದ ಮಾತನ್ನು ಗಂಟಲು ಹರಿಯುವಂತೆ ಕೂಗಿಬಿಟ್ಟೆ: “ಅಣ್ಣಾ, ನನ್ನ ಲಗ್ನ ಮುಗಿಯೂತನಕರ ಇರೋ!”

ಜನ ಹೋ ಎಂದು ನಕ್ಕರು. ಮೊಬೈಲುಗಳು ಮೇಲೆದ್ದವು. ಶರಣಪ್ಪ ಮಾತು ಮರೆತು ನಿಂತ. ಹಳ್ಳಿಯಲ್ಲಿ ಇಂಥದೊಂದು ಸಾಕು, ಸಾಯುವತನಕ ಅದನ್ನೇ ಹೇಳಿ ಕಾಡುತ್ತಾರೆ. ಪರದೆಯ ಹಿಂದಿನಿಂದ ನಾಟಕ ಕಲಿಸಿದ ಮಾಸ್ತರರು ಏನೋ ಹೇಳಿಕೊಡುತ್ತಿದ್ದರು, ಗದ್ದಲದಲ್ಲಿ ಕೇಳಲಿಲ್ಲ. ನನಗೆ ವಿಪರೀತ ನಾಚಿಕೆಯಾಯಿತು.

ಆಗ ಹೆಂಗಸರ ನಡುವಿನಿಂದ ಒಬ್ಬಳು ಎದ್ದು ನಿಂತಳು. ಶರಣಪ್ಪನ ಹೆಂಡತಿ ಮಲ್ಲಮ್ಮ. “ನಂದು ತಪ್ಪಿದ್ರ ಇಲ್ಲೇ ಕೊಂದಬಿಡ್ರಿ. ಬಿಟ್ಟು ಮಾತ್ರ ಹೋಗಬ್ಯಾಡ್ರಿ!” ಎಂದಳು. ನಾನು ಹೇಳಬೇಕಿದ್ದ ಮಾತು. ನಗು ತಟ್ಟನೆ ನಿಂತಿತು. ಶರಣಪ್ಪ ಅವಳ ಕಡೆ ತಿರುಗಿ ತನ್ನ ಮಾತು ಹೇಳಿದ. ಅವಳು ಕೆಳಗಿನಿಂದಲೇ ಉತ್ತರ ಕೊಟ್ಟಳು. ದೃಶ್ಯ ಮುಗಿಯುವವರೆಗೆ ಒಬ್ಬರೂ ಪಿಟ್ಟೆನ್ನಲಿಲ್ಲ. ನಾನು ಅವನ ಕಾಲು ಹಿಡಿದುಕೊಂಡೇ ಕೂತಿದ್ದೆ, ಯಾರಿಗೂ ಬೇಡವಾಗಿ.

ನಾಟಕ ಮುಗಿದ ಮೇಲೆ ಕ್ಷಮೆ ಕೇಳಲು ಹೋದರೆ ಮಲ್ಲಮ್ಮನೇ ಸಂಕೋಚಪಟ್ಟಳು. “ತಾಲೀಮಿಗೆ ನೀವು ಬರಂಗಿಲ್ಲಲ್ರೀ ಅಕ್ಕಾರ. ಮನ್ಯಾಗ ನಾನ ನಿಮ್ಮ ಮಾತು ಹೇಳಿ ಅವರಿಗೆ ರೂಢಿ ಮಾಡಿಸೀನಿ.” ಆಮೇಲೆ ದನಿ ತಗ್ಗಿಸಿ ಕೇಳಿದಳು: “ಚೊಲೊ ಹೇಳಿದ್ನೇನ್ರೀ?”

“ನನಗಿಂತ ಚೊಲೊ ಹೇಳಿದಿ ಯವ್ವಾ” ಎಂದೆ. ತಲೆಯೆತ್ತಲಾಗಲಿಲ್ಲ.

ನಾಟಕದ ಕಥೆ ಆ ಊರಿಗೆಲ್ಲ ಮೊದಲೇ ಗೊತ್ತಿತ್ತು. ಆದರೂ ಸ್ಟೇಜ್ ಮೇಲೆ ಎದುರಿಗೆ ನಿಂತವರು ಇವತ್ತು ತಮಗಾಗಿ ಅಳುತ್ತಾರೆ, ನಗಿಸುತ್ತಾರೆ ಎಂದು ಜನ ಬಂದಿದ್ದರು. ನಾನು ಅವರಿಗೆ ನಿನ್ನೆಯದನ್ನು ಬಡಿಸಿದ್ದೆ. ಈಗ ಯಾವ ಊರಿಗೇ ಆಗಲಿ, ಒಂದು ದಿನ ಮೊದಲೇ ಹೋಗುತ್ತೇನೆ. ಮನೆಯಲ್ಲಿ ನನ್ನ ಪಾತ್ರ ಮಾಡಿದ ಹೆಣ್ಣುಮಗಳು ಯಾರೆಂದು ವಿಚಾರಿಸಿ, ಅವಳ ಮುಂದೆ ಕೂತು ಮಾತು ಕಲಿಯುತ್ತೇನೆ. ಮರುದಿನ ಸ್ಟೇಜ್ ಹತ್ತುವಾಗ ಅವಳು ಕೆಳಗೆ ಕೂತಿರುತ್ತಾಳೆ. ಚೀಕಲಪರ್ವಿಯ ಆ ನಾಚಿಕೆ ಇನ್ನೂ ಹೋಗಿಲ್ಲ.