ರೇಸ್ ಕಾರಿಗೆ ಮಾವ ಬಿಗಿದ ಹಗ್ಗ

ಆ ಕೆಂಪು ರೇಸ್ ಕಾರಿನ ಮಾತು ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೇಳಿದವರು ನಗುತ್ತಾರೆ. ನಗಲಿ. ಅವರ ಮನೆಯೇನೂ ಮುರಿದಿಲ್ಲ.

ಮೂರನೇ ಕ್ಲಾಸಿಗೇ ಸ್ಲೇಟು ಎಸೆದು ಎತ್ತಿನ ಗಾಡಿ ಹತ್ತಿದವನು ನಾನು. ಅಪ್ಪ ಇರಲಿಲ್ಲ, ಸಾಕಿದವನು ಸೋದರಮಾವ. ಗುಂಡ್ಲುಪೇಟೆಯಿಂದ ಸಂತೆಮರಹಳ್ಳಿಯ ಸಂತೆಗೆ ಹೋಗುವ ಗಾಡಿಯವರಲ್ಲಿ ಅವನ ಕೈಗೆ ದೊಡ್ಡ ಹೆಸರು. ಹುಲ್ಲಾಗಲಿ ಬೆಲ್ಲವಾಗಲಿ, ಹೇರಿನ ಮೇಲೆ ಹಗ್ಗ ಹಾಯಿಸಿ, ನಡುವೆ ಕೋಲು ಸಿಕ್ಕಿಸಿ ತಿರುಚಿ ಬಿಗಿದನೆಂದರೆ ಮುಗಿಯಿತು, ಒಂದು ಎಸಳು ಉದುರುತ್ತಿರಲಿಲ್ಲ. ಗಾಡಿಯವರಲ್ಲಿ ಒಂದು ಕಟ್ಟಳೆಯಿತ್ತು. ಹೇರನ್ನು ಬಿಗಿದವನೇ ಬಿಚ್ಚಬೇಕು. ಇನ್ನೊಬ್ಬ ಆ ಹಗ್ಗಕ್ಕೆ ಕೈ ಹಾಕಿದರೆ ಬಿಗಿದವನ ಮುಖಕ್ಕೆ ಉಗಿದ ಹಾಗೆ.

ನಾನು ಗಾಡಿ ಬಿಟ್ಟು ಊರಿನ ಯಜಮಾನರೊಬ್ಬರ ಟ್ರಾಕ್ಟರಿಗೆ ಡ್ರೈವರಾದೆ. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನೋಡಿ ಕಲಿತೆ, ಬೈಸಿಕೊಂಡು ಕಲಿತೆ. ಆ ಕಬ್ಬಿಣದ ಸೀಟಿನಲ್ಲಿ ಕೂತರೆ ನಾನು ಯಾರಿಗೂ ಕಮ್ಮಿ ಇಲ್ಲ ಅನ್ನಿಸುತ್ತಿತ್ತು. ಮಾವನಿಗೆ ಅದು ಸೇರುತ್ತಿರಲಿಲ್ಲ. "ಸಗಣಿ ಆಕ್ದೇ ಇರೋ ಎತ್ತು ಎಂಥಾ ಎತ್ಲಾ?" ಅನ್ನುತ್ತಿದ್ದ.

ಆಗಲೇ ಆ ಕಾರು ಬಂದದ್ದು. ಊಟಿಯ ಕಡೆ ಟೀ ತೋಟವಿದ್ದ ಸಾಹುಕಾರರ ಮಗ ಅದನ್ನು ಓಡಿಸಿಕೊಂಡು ಬಂಡೀಪುರದ ಕಾಡು ದಾಟಿ ಬಂದ. ಗುಂಡ್ಲುಪೇಟೆಗೆ ಬರುವ ಹೊತ್ತಿಗೆ ಗೇರ್ ಬಾಕ್ಸು ಮುರಿದು ನಿಂತಿತು. ರೈಲಿನಲ್ಲಿ ಬೆಂಗಳೂರಿಗೆ ಕಳಿಸಬೇಕು, ಅದಕ್ಕೆ ಮೊದಲು ಚಾಮರಾಜನಗರದ ಸ್ಟೇಷನ್ನಿಗೆ ಮುಟ್ಟಿಸಬೇಕು. ಆತ ನಮ್ಮ ಯಜಮಾನರ ಹತ್ತಿರ ಮಾತಾಡಿ, ಬಸ್ಸು ಹತ್ತಿ ಮುಂದೆ ಹೋದ. ಯಜಮಾನರು ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ನೋಡ್ಲಾ, ಒಂದು ಗೀರು ಬಿದ್ರೂ ನೀನು ಟ್ರಾಕ್ಟರಿಂದ ಇಳಿದು ನಿಮ್ಮಾವನ ಗಾಡಿಗೇ ಓಗ್ಬೇಕು."

ದಿಬ್ಬಕ್ಕೆ ಟ್ರೈಲರನ್ನು ಒತ್ತಿ ನಿಲ್ಲಿಸಿ, ಹಲಗೆ ಹಾಕಿ, ಕಾರನ್ನು ತಳ್ಳಿ ಹತ್ತಿಸಿದೆವು. ಊರೆಲ್ಲ ಸುತ್ತ ನೆರೆದಿತ್ತು. ಮೊಣಕಾಲೆತ್ತರದ ಕಾರು, ಮೇಲೆ ಚಾವಣಿಯಿಲ್ಲ, ಇಬ್ಬರಿಗೇ ಸೀಟು.

"ಗಂಡ ಎಂಡ್ತಿ ಇಬ್ರೇ ಕಣ್ಲಾ, ಅತ್ತೆಗೆ ಜಾಗಾನೇ ಮಡಗಿಲ್ಲ!" ಎಂದನೊಬ್ಬ.

"ಅಂಗಾರೆ ನಂಗೊಂದು ತರಿಸ್ಕುಡ್ಲಾ," ಎಂದನು ಇನ್ನೊಬ್ಬ.

ನಾನು ಗಾಲಿಗಳಿಗೆ ಮರದ ತುಂಡು ಕೊಟ್ಟು, ಗಾಲಿಗಳನ್ನೇ ಟ್ರೈಲರಿನ ಕಬ್ಬಿಣಕ್ಕೆ ಬಿಗಿಯಲು ಕೂತೆ. ನಮ್ಮ ಟ್ರಾಕ್ಟರು ರೈಲಿನಲ್ಲಿ ಬಂದಿಳಿದಾಗ ಹಾಗೇ ಬಿಗಿದಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಅಷ್ಟರಲ್ಲಿ ಮಾವ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ಬಂದ.

"ಸರೀಲಾ ಅತ್ಲಾಗೆ."

"ಮಾವ, ಇದು ಉಲ್ಲಲ್ಲ. ಗಾಲಿಗೆ ಕಟ್ಬೇಕು."

"ಕಾಲಿಗೆ ಕಟ್ಟಾಕೆ ಇದೇನು ಒದೆಯೋ ಅಸುವಾ? ನಿಂಗೆ ಅಗ್ಗ ಇಡಿಯಾದ ಕಲಿಸ್ದೋನು ಯಾರ್ಲಾ?"

ಜನ ಘೊಳ್ಳೆಂದರು. ಅಷ್ಟು ಮಂದಿಯ ಎದುರಿಗೆ ಸಾಕಿದವನನ್ನು ತಳ್ಳಲು ಆಗುತ್ತದೆಯೇ? ಹಲ್ಲು ಕಚ್ಚಿಕೊಂಡು ಸರಿದೆ. ಮಾವ ನಾನು ಕಟ್ಟಿದ್ದನ್ನು ಬಿಚ್ಚಿಸಿ, ಕಾರಿನ ಮೂತಿಯ ಮೇಲೂ ಬೆನ್ನಿನ ಮೇಲೂ ಗೋಣಿಚೀಲ ಹಾಸಿ, ಹಗ್ಗ ಹಾಯಿಸಿ, ಕೋಲು ಸಿಕ್ಕಿಸಿ ತಿರುಚಿದ. ಹೇರನ್ನು ತಟ್ಟುವ ಹಾಗೆ ಕಾರನ್ನು ತಟ್ಟಿದ. "ಬೆಟ್ಟದ ಗೋಪಾಲಸ್ವಾಮಿ ಇಳಿದು ಬಂದು ಎಳುದ್ರೂ ಅಲ್ಲಾಡಕಿಲ್ಲ. ಓಡಿಸ್ಲಾ!" ಎಂದು ತಾನೂ ಟ್ರೈಲರಿನಲ್ಲಿ ಕೂತ.

ಹುಲ್ಲನ್ನು ಅದುಮಿದರೆ ಅದುಮಿದಂತೆ ಇರುತ್ತದೆ. ಕಾರು ಸ್ಪ್ರಿಂಗಿನ ಮೇಲೆ ಕೂತದ್ದು. ರಸ್ತೆಯ ಹಳ್ಳ ಬಂದಾಗಲೆಲ್ಲ ಕಾರಿನ ಮೈ ತಗ್ಗುತ್ತಿತ್ತು, ಹಗ್ಗ ಸಡಿಲವಾಗುತ್ತಿತ್ತು, ಆ ಹೊತ್ತಿಗೆ ಗಾಲಿಗಳು ಒಂದಿಷ್ಟು ಜರುಗುತ್ತಿದ್ದವು. ತೆರಕಣಾಂಬಿ ದಾಟಿ ತಿರುಗಿ ನೋಡಿದೆ. ಗೋಣಿಚೀಲ ಜಾರಿ ಬಿದ್ದಿತ್ತು. ಕಾರಿನ ಹಿಂಭಾಗಕ್ಕೂ ಟ್ರೈಲರಿನ ಕಬ್ಬಿಣದ ಪಟ್ಟಿಗೂ ನಡುವೆ ಬೆರಳು ತೂರುವಷ್ಟು ಜಾಗ. ಇನ್ನೊಂದು ಹಳ್ಳ ಸಿಕ್ಕಿದ್ದರೆ ನನ್ನ ಸೀಟು ಹೋಗುತ್ತಿತ್ತು.

ನಿಲ್ಲಿಸಿ ಕೆಳಗಿಳಿದೆ.

"ಬಿಚ್ಚು ಮಾವ. ಗಾಲಿಗೆ ಕಟ್ಟನ."

ಮಾವ ಎಲೆಗೆ ಸುಣ್ಣ ಸವರುತ್ತಿದ್ದ. "ನಾ ಬಿಗಿದದ್ದು ಜಾರಿಲ್ಲ, ಜಾರದೂ ಇಲ್ಲ. ನಿನ್ ಟ್ರಾಕ್ಟರು ಕುಣೀತದೆ. ನೆಟ್ಟಗೆ ಓಡಿಸಾದ ಕಲಿ."

"ಕಣ್ಣು ಬುಟ್ಟು ನೋಡು ಮಾವ, ಎಲ್ಲಿಗೆ ಬಂದು ನಿಂತದೆ ಅಂತ!"

ಅವನು ನೋಡಲಿಲ್ಲ. ಗಂಟಿನ ಮೇಲೆ ಅಂಗೈ ಊರಿ ಕೂತ. ಮೂರು ಸಲ ಕೇಳಿದೆ. ನಾನು ಬಿಚ್ಚಬಾರದು, ಅವನು ಬಿಚ್ಚುವುದಿಲ್ಲ. ಗದ್ದೆಯ ಬದುವಿನಲ್ಲಿದ್ದ ಇಬ್ಬರು ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಸೀಟಿನ ಕೆಳಗಿದ್ದ ಕುಡುಗೋಲು ತೆಗೆದೆ. ಅವನ ಗಂಟನ್ನು ಮುಟ್ಟಲಿಲ್ಲ. ಈಚೆ ಬದಿಗೆ ಬಂದು ಹಗ್ಗವನ್ನೇ ಕೊಯ್ದೆ.

ಮಾವ ಬೈದಿದ್ದರೆ ಚೆನ್ನಾಗಿತ್ತು. ತುಂಡುಗಳನ್ನೆಲ್ಲ ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ಗುಂಡ್ಲುಪೇಟೆಯ ಕಡೆಗೆ ನಡೆದುಬಿಟ್ಟ. ನಾನು ಬದುವಿನಲ್ಲಿದ್ದವರನ್ನು ಕರೆದು, ಕಾರನ್ನು ಮುಂದಕ್ಕೆ ತಳ್ಳಿಸಿ, ನನ್ನ ಹಗ್ಗದಲ್ಲಿ ಗಾಲಿಗಳನ್ನು ಬಿಗಿದು ಹೊರಟೆ. ಚಾಮರಾಜನಗರ ಮುಟ್ಟುವವರೆಗೆ ಅದು ಜಗ್ಗಲಿಲ್ಲ.

ಸ್ಟೇಷನ್ನಿನಲ್ಲಿ ಸಾಹುಕಾರರ ಮಗ ಸಿಗರೇಟು ಸೇದುತ್ತಾ ನಿಂತಿದ್ದ. "ಒಂದು ಗೀರೂ ಬಿದ್ದಿಲ್ಲ, ನೋಡ್ಕೊಳ್ಳಿ ಸ್ವಾಮಿ," ಎಂದೆ.

ಅವನು ಕಾರಿನ ಕಡೆ ತಿರುಗಲೂ ಇಲ್ಲ. "ಬಿದ್ದಿದ್ರೂ ಪರವಾಗಿರಲಿಲ್ಲಪ್ಪ. ಬೆಂಗಳೂರಲ್ಲಿ ಈ ಬಣ್ಣ ಪೂರ್ತಿ ಕೆರೆಸಿ ನೀಲಿ ಹೊಡೆಸ್ತೀನಿ. ನಿಮ್ಮ ಯಜಮಾನರಿಗೆ ಹೇಳಿದ್ನಲ್ಲ?"

ನಾನು ಖಾಲಿ ಟ್ರೈಲರು ಎಳೆದುಕೊಂಡು ನೇರ ಯಜಮಾನರ ಜಗುಲಿಗೆ ಹೋಗಿ ಕೇಳಿದೆ. ಅವರು ನಕ್ಕರು. "ಎದರಿಸ್ದೇ ಇದ್ರೆ ನೀವು ಜೋಪಾನ್ವಾಗಿ ತಕ್ಕೊಂಡು ಓಯ್ತಿದ್ರೇನ್ಲಾ?"

ಅಂದರೆ ಇವರ ಪ್ರಕಾರ ನನಗೆ ಕೆಲಸದ ಮೇಲೆ ಮರ್ಯಾದೆ ಇರಲಿಲ್ಲ, ಭಯ ಮಾತ್ರ ಇತ್ತು. ಆ ನಗು ಇನ್ನೂ ಕಿವಿಯಲ್ಲಿದೆ. ಆ ಸೀಟನ್ನು ನಾನು ಬಿಡಲಿಲ್ಲ. ಅದು ಅವರು ಕೊಟ್ಟದ್ದಲ್ಲ, ನಾನು ಕಲಿತು ಗಳಿಸಿದ್ದು. ಆದರೆ ಅವರ ಜಗುಲಿಯ ಮೇಲೆ ಮತ್ತೆ ಕೂರಲಿಲ್ಲ.

ಮಾವನೂ ಸಾಯುವವರೆಗೆ ನನ್ನ ಟ್ರೈಲರು ಹತ್ತಲಿಲ್ಲ. ಹಬ್ಬಕ್ಕೆ ಕರೆಯಲು ಹೋದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ, ನನ್ನ ಎರಡೂ ಕೈ ನೋಡಿ ಕೇಳುತ್ತಿದ್ದ: "ಕುಡುಗೋಲು ತಂದಿದ್ದೀಯೇನ್ಲಾ?"

ತಪ್ಪಾಯಿತು ಅಂದಿದ್ದರೆ ಒಳಗೆ ಕರೆಯುತ್ತಿದ್ದನೋ ಏನೋ. ನಾನು ಅನ್ನಲಿಲ್ಲ. ಕಾರು ಜರುಗಿದ್ದು ನಿಜ.