ಗಾಜಿನೊಳಗಿನ ದೊಡ್ಡತಾಯಮ್ಮ

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಚಂದ್ರಶೇಖರಯ್ಯನವರ ಅಂಗಡಿ. ಫೋಟೋಗಳಿಗೆ ಕಟ್ಟು ಹಾಕುವುದು ಅವರ ಕಸುಬು. ಮೂವತ್ತು ವರ್ಷದಿಂದ ಅವರ ಗಾಜಿನೊಳಗೆ ಕೂತವರಲ್ಲಿ ಹೆಚ್ಚಿನವರು ದೇವರು, ಇಲ್ಲವೇ ದೇವರ ಪಾದ ಸೇರಿದವರು.

ಹೋದ ವರ್ಷ ಹೊಳೆಯಾಚೆಯ ಹಳ್ಳಿಯ ಡ್ರಾಯಿಂಗ್ ಟೀಚರ್ ಯಶೋಧರಾ ಹಳೇ ಸೀರೆಯಲ್ಲಿ ಸುತ್ತಿ ತಾನೇ ಬರೆದ ಚಿತ್ರವೊಂದನ್ನು ತಂದಳು. ಅವಳ ತಾಯಿ ದೊಡ್ಡತಾಯಮ್ಮ ನಾಟಿ ಮುಗಿಸಿ, ಕೆಸರುಗಾಲು ಚಾಚಿ, ಬದುವಿಗೆ ಒರಗಿ ಕಣ್ಣು ಮುಚ್ಚಿದ್ದಾಳೆ. ಅಯ್ಯನವರು ಅಳತೆ ಟೇಪು ಹಿಡಿದು ಹಾಗೇ ನಿಂತುಬಿಟ್ಟರು. ಇಷ್ಟು ವರ್ಷ ಕಟ್ಟು ಹಾಕಿದ್ದೇನೆ, ಒಂದನ್ನಾದರೂ ಕಣ್ತುಂಬ ನೋಡಿದ್ದೇನಾ ಅನ್ನಿಸಿತು.

"ಎರಡ್ ದಿನ ಮುಂದ್ಗಡೆ ಗಾಜಲ್ಲಿ ಇಟ್ಕಂತೀನಿ, ಕೊಡವ್ವ" ಎಂದು ಕೇಳಿಯೇಬಿಟ್ಟರು.

ಬಸ್ಸಿಗೆ ಕಾಯುವವರು ಬಂದು ಬಂದು ನೋಡಿದರು. ಅಯ್ಯನವರಿಗೆ ಹುಚ್ಚು ಹಿಡಿಯಿತು. ಭಾನುವಾರ ಬಂತೆಂದರೆ ಬಸ್ ಹತ್ತುವುದು, ಚಿತ್ರ ಬರೆಯುವವರ ಮನೆ ಹುಡುಕುವುದು. ಅರಕಲಗೂಡಿನಲ್ಲಿ ಬಾಗಿಲು ಹಾಕಿದ ಅಂಗಡಿಗಳನ್ನಷ್ಟೇ ಬರೆಯುವ ಶಾಂತರಾಜು ಸಿಕ್ಕಿದ. ಚನ್ನರಾಯಪಟ್ಟಣದಲ್ಲಿ ಆಸ್ಪತ್ರೆ ಸಾಲಿನಲ್ಲಿ ನಿಂತ ಹೆಂಗಸರನ್ನು ಬರೆಯುವ ಧನ್ಯಾ ಸಿಕ್ಕಳು. ವಾರಕ್ಕೊಂದು ಚಿತ್ರ ಗಾಜಿನಲ್ಲಿ, ಅದರ ಫೋಟೋ ಗಿರಾಕಿಗಳ ವಾಟ್ಸಾಪಿನಲ್ಲಿ. "ನಿಮ್ಗೆ ಈ ವಯಸ್ಸಲ್ಲಿ ಕಣ್ ಬಂತು" ಎಂದು ಹೆಂಡತಿ ಪ್ರೇಮಕುಮಾರಿ ಕಿಚಾಯಿಸುತ್ತಿದ್ದರು. ಅಯ್ಯನವರಿಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಈ ವರ್ಷ ಯಶೋಧರಾಳ ಅದೇ ಚಿತ್ರ ಮೈಸೂರಿನ ಪ್ರದರ್ಶನ ಮುಗಿಸಿಕೊಂಡು ಒಂದು ಶುಕ್ರವಾರ ಗಾಜಿಗೆ ಮರಳಿತು. ಸಂಜೆ ದೀಪ ಹಚ್ಚಿ, ಊದುಕಡ್ಡಿ ಬೆಳಗಿ, ಅಂಗಡಿಯ ಪಟಗಳಿಗೆಲ್ಲ ಕುಂಕುಮವಿಟ್ಟು ಹೂವು ಮುಡಿಸುವುದು ಅಯ್ಯನವರ ಮೂವತ್ತು ವರ್ಷದ ಅಭ್ಯಾಸ. ಬಾಯಲ್ಲಿ ಮಂತ್ರ, ಮನಸ್ಸು ಎಲ್ಲೋ. ಕೈ ಸಾಲಾಗಿ ಹೋಗುತ್ತಾ ದೊಡ್ಡತಾಯಮ್ಮನಿಗೂ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿಬಿಟ್ಟಿತು.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದ, ದೊಡ್ಡತಾಯಮ್ಮನ ಊರಿನ ಗುಂಡಯ್ಯ ಗಾಜಿನತ್ತ ನೋಡಿ ಎದೆ ಹಿಡಿದುಕೊಂಡ. ಮುಚ್ಚಿದ ಕಣ್ಣು, ಹಾರ, ಕುಂಕುಮ. ಇನ್ನೇನು ಬೇಕು? ಊರಿಗೆ ಫೋನು ಹೋಯಿತು. ದೊಡ್ಡತಾಯಮ್ಮ ಹಾಲು ಕರೆದು ಎದ್ದು ಬರುವಷ್ಟರಲ್ಲಿ ಅವಳ ಅಂಗಳದಲ್ಲೇ ನಾಲ್ಕು ಹೆಂಗಸರು ಅಳುತ್ತಿದ್ದರು.

ಹತ್ತು ಗಂಟೆಗೆ ತಾಯಿ ಮಗಳು ಇಬ್ಬರೂ ಅಂಗಡಿ ಮುಂದೆ ಇಳಿದರು.

"ನನ್ ಚಿತ್ರ ಕೊಟ್ಬುಡಿ ಸಾ" ಎಂದಳು ಯಶೋಧರಾ. "ಬದುಕಿರೋ ಅವ್ವಂಗೆ ಆರ ಆಕ್ಬುಟ್ರಲ್ಲ!"

ಅಯ್ಯನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವಳು ಒಯ್ದರೆ ಶಾಂತರಾಜು, ಧನ್ಯಾ ಯಾರೂ ಇನ್ನು ನಂಬಿ ಕೊಡುವುದಿಲ್ಲ, ಗಾಜು ಮೊದಲಿನಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಣ್ಣು ಬಂತೆಂದು ಬೀಗಿದವನ ಕೈಯೇ ಕುರುಡಾಗಿತ್ತಲ್ಲ ಎಂಬ ಸಂಕಟ.

"ತೆಪ್ಪು ನಂದೇ ಕಣವ್ವ. ನೋಡ್ದೆ ಆಕ್ಬುಟ್ಟೆ" ಎನ್ನುತ್ತಾ ಚಿತ್ರ ಇಳಿಸಲು ಹೋದರು.

"ತಡಿ ಅಣ್ಣ" ಎಂದಳು ದೊಡ್ಡತಾಯಮ್ಮ. ಮಗಳು ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಬರೆದಿದ್ದ ಈ ಚಿತ್ರವನ್ನು ಅವಳು ಕಂಡಿದ್ದೇ ಈಗ. ಗಾಜಿನ ಹತ್ತಿರ ಮುಖವಿಟ್ಟು ಕಾಲು, ಕೆಸರು, ಕೈಬಳೆ ಎಲ್ಲ ನೋಡಿದಳು. "ನಾನು ಇಂಗ್ ಕಾಣ್ತೀನಾ? ಪರ್ವಾಗಿಲ್ಲ ಕಣ್ ಮಗ, ಚೆಂದಾಗೇ ಇವ್ನಿ."

ಆಮೇಲೆ ತಾನೇ ಕೈ ಹಾಕಿ ಹಾರ ತೆಗೆದಳು. ಅದರಿಂದ ಒಂದು ಸೇವಂತಿಗೆ ಕಿತ್ತು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು, ಇನ್ನೊಂದನ್ನು ಮಗಳ ಜಡೆಗೆ.

"ಇಲ್ಲೇ ಇರ್ಲಿ ಬುಡು. ಬೆಳಿಗ್ಗೆ ಅತ್ತೋರೆಲ್ಲ ಬಂದು ನೋಡ್ಕಂಡ್ ಓಗ್ಲಿ."

ಯಶೋಧರಾ ಸೆರಗಿನಿಂದ ಗಾಜಿನ ಮೇಲಿನ ಕುಂಕುಮ ಒರೆಸಿದಳು. ಅಯ್ಯನವರು ಬಿಳಿ ಕಾರ್ಡೊಂದನ್ನು ತೆಗೆದುಕೊಂಡರು. ಇಷ್ಟು ವರ್ಷ ಹೆಸರಿನ ಕೆಳಗೆ ಜನನ, ಮರಣ ಎಂದು ಬರೆದು ಬರೆದು ರೂಢಿಯಾಗಿದ್ದ ಕೈ. ಈ ಸಲ ಒಂದೊಂದಕ್ಷರವನ್ನೂ ನೋಡಿ ನೋಡಿ ಬರೆದು ಚಿತ್ರದ ಕೆಳಗೆ ಅಂಟಿಸಿದರು: "ದೊಡ್ಡತಾಯಮ್ಮ. ಬರೆದವರು ಮಗಳು ಯಶೋಧರಾ. ಇಬ್ಬರೂ ಚೆನ್ನಾಗಿದ್ದಾರೆ."