ಕೀಲಿ ಹಾಕಿದ ಕೋಣೆ ಮತ್ತು ಕ್ಯಾಮರಾಡರಿ

ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ಒಂದೇ ದಿನ ಎರಡು ಸರ್ಕ್ಯುಲರ್ ಅಂಟಿಸಿದರು. ನಿವಾಸಿಗಳಲ್ಲಿ ‘ಕ್ಯಾಮರಾಡರಿ’, ಅಂದರೆ ಒಡನಾಟದ ಸ್ನೇಹ, ಬೆಳೆಸಲು ಆನ್ಯುಯಲ್ ಡೇ ಎಂದು ಒಂದು. ರೊಟ್ಟಿ ಬಡಿಯುವ ಸಪ್ಪಳದಿಂದ ತೊಂದರೆ, ಆದ್ದರಿಂದ ಕೆಳಗಿನ ಎಲ್ಲರ ಬಳಕೆಯ ಕೋಣೆಗೆ ಕೀಲಿ ಎಂದು ಇನ್ನೊಂದು.

ಆ ಕೋಣೆಯಲ್ಲಿ ಪ್ರತಿ ಮಂಗಳವಾರ ನಾವು ಆರು ಜನ ಹೆಂಗಸರು ಆರೂ ಮನೆಗಳಿಗೆ ವಾರದ ಖಡಕ್ ರೊಟ್ಟಿ ಮಾಡುತ್ತಿದ್ದೆವು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಬಾಯಿ ತುಂಬ ಮಾತಾಡುತ್ತಿದ್ದುದು ಅಲ್ಲೊಂದೇ ಕಡೆ. ಅದೂ ಹೋದರೆ ನನಗೆ ಟಿವಿಯೇ ಗತಿ.

ಕನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ನೆನಪಾಯಿತು. ಸ್ಪೇನಿನಲ್ಲಿ ಕೋಣೆಗೆ ಕಾಮರಾ ಎನ್ನುತ್ತಿದ್ದರಂತೆ. ಒಂದೇ ಕೋಣೆಯಲ್ಲಿ ಮಲಗುವ ಸಿಪಾಯಿಗಳು ಕಾಮರಾದ. ಫ್ರೆಂಚರ ಬಾಯಿಗೆ ಬಿದ್ದು ಅದೇ ಕ್ಯಾಮರಾಡರಿ ಎಂಬ ಸ್ನೇಹವಾಯಿತು, ಆಮೇಲೆ ಇಂಗ್ಲಿಷಿಗೆ ಬಂತು. ಕೋಣೆ ಕಿತ್ತುಕೊಂಡು ಕ್ಯಾಮರಾಡರಿ ಬೆಳೆಸುತ್ತಾರಂತೆ! ಇದನ್ನೆಲ್ಲ ಇಂಗ್ಲಿಷಿನಲ್ಲಿ ಮೂರು ಪುಟ ಬರೆದು ಅಸೋಸಿಯೇಷನ್ ಅಧ್ಯಕ್ಷನಿಗೆ ಕೊಟ್ಟೆ.

“ಭಾಳ ಚಂದ ಬರ್ದೀರಿ ಆಂಟಿ. ಫೈಲಿಗೆ ಹಾಕ್ತೀನ್ರಿ.”

“ಕೀಲಿ?”

“ಮೀಟಿಂಗಿನ್ಯಾಗ ನೋಡೋಣ್ರಿ. ಅಲ್ಲೀತನಕ ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಳ್ರಿ.”

ನಮ್ಮ ಆರು ಜನರಲ್ಲಿ ಒಬ್ಬಳು ಕಮಲಾಪುರದವಳು. ಕೇಳಿ ಬಿದ್ದು ಬಿದ್ದು ನಕ್ಕಳು. “ಅಕ್ಕಾ, ಅಂವಗ ಇಂಗ್ಲಿಷ್ ಯಾಕ ಬೇಕ್ರಿ? ನಮ್ಮೂರಾಗ ಯಾರರ ಹಿಂಗ ಬಾಗಲಾ ಹಾಕಿದ್ರ, ಹಂಚು ತಗೊಂಡು ಅವರ ಕಟ್ಟಿ ಮ್ಯಾಲೇ ಹೋಗಿ ಕೂಡ್ತಿದ್ರು. ಮೊದಲನೇ ರೊಟ್ಟಿ ಆ ಮನಿಗೇ. ಬಿಸಿ ರೊಟ್ಟಿ ತಿಂದವರು ಎಬ್ಬಸ್ತಾರೇನು?”

ಒಮ್ಮೆ ಅವಳ ಜೊತೆ ಕಮಲಾಪುರಕ್ಕೆ ಹೋದಾಗ ಅಂಥ ಒಂದು ಕಟ್ಟೆಯ ಮೇಲೆ ಕೂತಿದ್ದೆ. ಎಷ್ಟು ಹೆಂಗಸರು ಕೂತೆದ್ದಿದ್ದರೋ, ಕಲ್ಲು ನುಣುಪಾಗಿತ್ತು. ನನ್ನ ಮೂರು ಪುಟಗಳಿಗೆ ಆ ನುಣುಪು ಎಲ್ಲಿಂದ ಬರಬೇಕು?

ಮುಂದಿನ ಮಂಗಳವಾರ ಒಲೆ, ಹಂಚು, ಹಲಗೆ ಹೊತ್ತು ಮೂರನೆಯ ಮಹಡಿ ಹತ್ತಿದೆವು. ಅಧ್ಯಕ್ಷನ ಬಾಗಿಲೆದುರಿಗೇ ಕೂತು ಬಡಿಯತೊಡಗಿದೆವು. ಕೆಳಗಿನ ಕೋಣೆಯಲ್ಲಿ ಸಪ್ಪಳ ನಾಲ್ಕು ಗೋಡೆಯೊಳಗೇ ಇರುತ್ತಿತ್ತು. ಕಾರಿಡಾರಿನಲ್ಲಿ ಅದು ಐದೂ ಮಹಡಿ ತಿರುಗಿ ಬಂತು.

ಬಾಗಿಲು ತೆರೆಯಿತು. “ಆಂಟೀ! ಇದೇನ್ರೀ ಇದು?”

“ರೊಟ್ಟಿ. ಮೊದಲನೇದು ನಿಮ್ಮ ಮನಿಗೇ. ಹಿಡಿ.”

ಹಿಡಿದ. ಕೈ ಸುಟ್ಟಿತು. ಈ ಕೈಯಿಂದ ಆ ಕೈಗೆ ಹಾರಿಸುತ್ತ ನಿಂತಿದ್ದಾಗ ಒಳಗಿಂದ ಅವನ ತಾಯಿಯ ದನಿ ಕೇಳಿತು: “ಆಕಡಿ ಸರಿಯೋ, ನನ್ನ ಹಲಗಿ ಹೊರಗ ತರಾಕತ್ತೀನಿ.” ಆಕೆ ಸೆರಗು ಸಿಕ್ಕಿಸಿ ನನ್ನ ಪಕ್ಕದಲ್ಲೇ ಕೂತಳು. ಆರಿದ್ದವರು ಏಳಾದೆವು.

ಕೀಲಿ ಇನ್ನೂ ತೆಗೆದಿಲ್ಲ. ಮೀಟಿಂಗ್ ಆಗಬೇಕಂತೆ. ಆಗಲಿ, ನಮಗೇನೂ ಅವಸರವಿಲ್ಲ. ನಾಳೆ ಮಂಗಳವಾರ. ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬಂದಿದ್ದೇನೆ, ಈ ಸಲ ಏಳು ಮನೆಗೆ.